ಎಣ್ಣೆ ಮಿಲ್ಲಿನ ಅಂಗಳದಲ್ಲಿ ಹಿಮ

ನವೆಂಬರ್ 4, 2024, ಸೋಮವಾರ

ಎರಡು ನೋಟ್‌ಬುಕ್ ತಂದಿದ್ದೇನೆ. ಒಂದರಲ್ಲಿ ತರಬೇತಿಯ ವಿವರ ಬರೆದು ಕಂಪನಿಗೆ ಕೊಡಬೇಕಂತೆ. ಇದು ಇನ್ನೊಂದು. ಇದನ್ನು ಯಾರಿಗೂ ತೋರಿಸುವುದಿಲ್ಲ, ಏಕೆಂದರೆ ಇದರಲ್ಲಿ ನಿಜ ಬರೆಯಬೇಕೆಂದಿದ್ದೇನೆ.

ಬೆಳಿಗ್ಗೆ ಓಬಳಪ್ಪ ನನ್ನ ಡ್ರೈವಿಂಗ್ ಸ್ಕೂಲಿಗೆ ಬಂದಿದ್ದ. ಊರೂರಿನ ಡ್ರೈವರ್‌ಗಳನ್ನು ಹುಡುಕಿ ದೂರದ ಕಂಪನಿಗಳಿಗೆ ಕಳಿಸುವುದು ಅವನ ಕಸುಬು. ಹಿಮಾಲಯದಲ್ಲಿ, ಲಡಾಖಿನ ಕಡೆ ರಸ್ತೆ ಮಾಡುತ್ತಿರುವ ಒಂದು ಕಂಪನಿಗೆ ಈ ಕಡೆಯಿಂದ ನಾಲ್ಕು ಜನ ಬೇಕು, ಡಿಸೆಂಬರ್ ನಡುವೆ ಹೊರಡಬೇಕು. ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ ಫೋರ್ ವೀಲ್ ಡ್ರೈವ್ ಲಾರಿಯನ್ನು ಅಪಾಯವಿಲ್ಲದೆ ನಿಲ್ಲಿಸಲು ಕಲಿತಿದ್ದಾರೆ ಎಂದು ಸರ್ಟಿಫಿಕೇಟ್ ಇರಬೇಕು.

"ಇಡೀ ಚಳ್ಳಕೆರೇಲಿ ನಿನ್ನ ಬಿಟ್ರೆ ಇನ್ಯಾರವ್ರೆ ಹೇಳು," ಎಂದ.

ಹೊರಗೆ ಬಿಸಿಲು ತಾಳದೆ ನಾಯಿಗಳು ಸ್ಕೂಲಿನ ಕಾರಿನಡಿ ಮಲಗಿದ್ದವು. ನಾನು ಒಪ್ಪಿಕೊಂಡೆ. ಓಬಳಪ್ಪ ನಾಲ್ಕು ಸರ್ಟಿಫಿಕೇಟುಗಳನ್ನು ಅಚ್ಚು ಹಾಕಿಸಿಕೊಂಡೇ ಬಂದಿದ್ದ, ಕಂಪನಿಗೆ ಅವಸರವಂತೆ. ನಾಲ್ಕಕ್ಕೂ ಸಹಿ ಮಾಡಿಕೊಟ್ಟೆ. ಹೀಗೆ ತರಬೇತಿ ಮುಗಿಯಿತು. ಇನ್ನು ಪಾಠ ಮಾಡುವುದೊಂದು ಬಾಕಿ.

ಈಗ ನಿಜ. ಊರಿನವರು ನನ್ನನ್ನು 'ಕಾಶ್ಮೀರ ಮಾರುತೇಶ' ಎನ್ನುತ್ತಾರೆ. 2003ರಲ್ಲಿ ಒಮ್ಮೆ ಈರುಳ್ಳಿ ಲೋಡು ಹಾಕಿಕೊಂಡು ಜಮ್ಮುವಿಗೆ ಹೋಗಿದ್ದೆ. ಇಳಿಸಿದೆ, ವಾಪಸ್ ಬಂದೆ. ದೂರದ ಬೆಟ್ಟದ ಮೇಲೆ ಬೆಳ್ಳಗೆ ಏನೋ ಕಂಡಿತ್ತು. ಕ್ಲೀನರ್ ಮೋಡ ಅಂದ, ನಾನು ಹಿಮ ಅಂದೆ. ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಉಳಿದದ್ದೆಲ್ಲ ಪೆದ್ದಣ್ಣನ ಟೀ ಅಂಗಡಿಯಲ್ಲಿ ಬೆಳೆಯಿತು. ಹಿಮದ ಘಾಟಿಯಲ್ಲಿ ಲಾರಿ ಜಾರಿ, ಹಿಂದಿನ ಚಕ್ರ ಪ್ರಪಾತಕ್ಕೆ ನೇತುಬಿದ್ದು, ನಾನು ಬ್ರೇಕಿನಿಂದ ಕಾಲು ತೆಗೆದು, ಜೊತೆಗಾರನಿಗೆ ಜಿಗಿಯಬೇಡ ಎಂದು ಕೂಗಿ, ಲೋ ಗೇರಿನಲ್ಲಿ ನಾಲ್ಕೂ ಚಕ್ರ ತಿರುಗಿಸಿ ಮೇಲೆ ಬಂದ ಕತೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಮದುವೆ ಮನೆಗಳಲ್ಲೂ ಕೇಳುತ್ತಾರೆ.

ಅದು ಮೊಳಕಾಲ್ಮೂರಿನ ಜೋಗಪ್ಪನ ಕತೆ. ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದ. ರಜೆಗೆ ಬಂದಾಗ ಒಮ್ಮೆ ಚಳ್ಳಕೆರೆಯಿಂದ ನನ್ನ ಲಾರಿ ಹತ್ತಿ, ದಾರಿಯುದ್ದಕ್ಕೂ ಸುಮ್ಮನಿದ್ದು, ಊರು ಹತ್ತಿರವಾದಾಗ ತಾನಾಗಿ ಹೇಳಲು ಶುರುಮಾಡಿದ. ಲಾರಿಯ ಹಿಂಭಾಗ ನೇತುಬಿದ್ದಲ್ಲಿಗೆ ಮೊಳಕಾಲ್ಮೂರು ಬಂತು, ಇಳಿದುಹೋದ. ಕೊನೆಯನ್ನು ನಾನೇ ಕಟ್ಟಿಕೊಂಡೆ. ಎಂಟು ಹತ್ತು ವರ್ಷದ ಹಿಂದೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಈ ಕತೆ ಹೇಳಿ ಮುಗಿಸಿ ತಿರುಗಿದರೆ ಹಿಂದಿನ ಮೇಜಿನಲ್ಲಿ ಅವನೇ ಕೂತಿದ್ದ. ಪೂರ್ತಿ ಕೇಳಿದ್ದ. ಒಂದು ಮಾತಾಡದೆ ಎದ್ದುಹೋದ. ಅಂದಿನಿಂದ ಮೊಳಕಾಲ್ಮೂರಿನ ಕಡೆ ಯಾವ ಕೆಲಸವಿದ್ದರೂ ನನಗೆ ಬಿಡುವಿರುವುದಿಲ್ಲ.

ನವೆಂಬರ್ 9, ಶನಿವಾರ

ನಾಲ್ವರೂ ಬಂದರು. ಇಬ್ಬರು ಟ್ರಾಕ್ಟರ್ ಓಡಿಸಿದವರು, ಒಬ್ಬ ಸ್ಕೂಲ್ ಬಸ್ಸಿನವನು. ನಾಲ್ಕನೆಯವನು ನನ್ನಿವಾಳದ ಗಂಗರಾಜು, ಇಪ್ಪತ್ತೊಂಬತ್ತು ವರ್ಷ, ಟಿಪ್ಪರ್ ಡ್ರೈವರ್. ಕೈ ಬಹಳ ಚುರುಕು. ಸ್ಟೀರಿಂಗ್ ಹಿಡಿದರೆ ಗಾಡಿ ಅವನ ಮೈಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ನಿಲ್ಲಿಸುವುದು ಮಾತ್ರ ಒಂದೇ ಏಟಿಗೆ.

ಕಲ್ಲು ಕ್ವಾರಿಯವರು ಮಿಲಿಟರಿ ಹರಾಜಿನಲ್ಲಿ ಹಿಡಿದ ಹಳೆಯ ಫೋರ್ ವೀಲ್ ಡ್ರೈವ್ ಲಾರಿಯೊಂದನ್ನು ನೀರು ಹೊಡೆಯಲು ಇಟ್ಟುಕೊಂಡಿದ್ದರು. ಅದನ್ನು ಕೇಳಿ ತಂದಿದ್ದೇನೆ. ಮೊದಲನೆಯ ಪಾಠ ಹೀಗೆ ಮಾಡಿದೆ: ಇದರ ನಾಲ್ಕೂ ಚಕ್ರಕ್ಕೆ ಎಳೆತವಿದೆ, ಆದ್ದರಿಂದ ಹಿಮದ ಮೇಲೆ ನಾಲ್ಕೂ ಚಕ್ರ ಕಚ್ಚಿ ಹಿಡಿದು ಬೇಗ ನಿಲ್ಲುತ್ತದೆ. ನಾಲ್ವರೂ ತಲೆಯಾಡಿಸಿದರು.

ಸಂಜೆ ಮನೆಯಲ್ಲಿ ಫೋನಿನಲ್ಲಿ ವಿಡಿಯೊ ನೋಡಿದೆ. ಅದರಲ್ಲಿ ಹೇಳಿದ್ದು ಸರಿಯಾಗಿ ಉಲ್ಟಾ. ನಾಲ್ಕು ಚಕ್ರದ ಎಳೆತ ಹೊರಡುವುದಕ್ಕೆ, ಏರುವುದಕ್ಕೆ ಮಾತ್ರ. ಬ್ರೇಕು ಎಲ್ಲ ಗಾಡಿಗಳಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಿಮದ ಮೇಲೆ ಈ ಲಾರಿ ನಿಲ್ಲುವುದಕ್ಕೂ ಬೇರೆ ಲಾರಿ ನಿಲ್ಲುವುದಕ್ಕೂ ವ್ಯತ್ಯಾಸವಿಲ್ಲ. ಆರಾಮಾಗಿ ಹೊರಡುವುದರಿಂದ ಡ್ರೈವರನಿಗೆ ಧೈರ್ಯ ಹೆಚ್ಚಾಗಿ ಇದರಲ್ಲೇ ಹೆಚ್ಚು ಜನ ಸಾಯುತ್ತಾರಂತೆ. ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿರುವ ನನಗೆ ಇದು ಹೊಳೆದಿರಲಿಲ್ಲ.

ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ಹೆಂಡತಿ ಕಾಂಚನಾ, "ಹೊರಡೋಕೆ ನಾಲ್ಕು ಕಾಲು, ನಿಲ್ಲೋಕೆ ಒಂದೂ ಇಲ್ಲ ಅಂದಂಗಾಯ್ತು," ಎಂದಳು. ಅವಳಿಗೆ ಡ್ರೈವಿಂಗಿನ ಗಂಧಗಾಳಿಯಿಲ್ಲ.

ನವೆಂಬರ್ 11, ಸೋಮವಾರ

ಕಂಪನಿಯ ಪುಸ್ತಕದಲ್ಲಿ ಬರೆದದ್ದು: 'ಹಿಮದ ಗುಣಲಕ್ಷಣಗಳು, ಎರಡು ಗಂಟೆ.'

ನಡೆದದ್ದು: ಹಿಮದ ಮೇಲೆ ಟಯರ್ ಹೋಗುವಾಗ ಸದ್ದು ಹೇಗಿರುತ್ತದೆ ಎಂದು ಗಂಗರಾಜು ಕೇಳಿದ. ಶೇಂಗಾ ಸಿಪ್ಪೆ ತುಳಿದ ಹಾಗೆ ಎಂದೆ. ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ನಂಬಿಕೆ ಬಂತು. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ.

ಅವನು ಬರೆದುಕೊಂಡದ್ದು ಈಗಲೂ ಕಣ್ಣೆದುರಿಗಿದೆ. ಅಷ್ಟು ದೂರ ಹೋಗಿ, ಆ ಘಾಟಿಯಲ್ಲಿ, ಶೇಂಗಾ ಸಿಪ್ಪೆಯ ಸದ್ದಿಗಾಗಿ ಕಿವಿಗೊಟ್ಟು ಕೂತಿರುತ್ತಾನೆ. ಊಟ ಸೇರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅಂತ ಕಾಣುತ್ತದೆ.

ನವೆಂಬರ್ 17, ಭಾನುವಾರ

ಮೊಳಕಾಲ್ಮೂರಿಗೆ ಹೋಗಿ ಬಂದೆ. ಹೋಗಬೇಕೆಂದು ಹೋಗಿದ್ದಲ್ಲ. ಅದೇ ದಾರಿಯ ಹಾನಗಲ್ಲಿನವರೆಗೆ ಒಂದು ಕೆಲಸವಿತ್ತು, ಮುಂದೆ ಗಾಡಿ ಹೋಯಿತು.

ಜೋಗಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯುದ್ದಕ್ಕೂ ಮಗ್ಗದ ಸದ್ದು. ಹೆಂಡತಿ ಸೂರಮ್ಮ ಮಗ್ಗದಲ್ಲಿ ಕೂತು ಕಡುಗೆಂಪು ಸೀರೆಗೆ ಅಂಚು ಕೂರಿಸುತ್ತಿದ್ದರು. "ಎವುರೋ ಒಚ್ಚಿನಾರು, ಸೂಡು," ಎಂದು, ಯಾರೋ ಬಂದಿರುವುದನ್ನು ತೆಲುಗಿನಲ್ಲಿ ಒಳಕ್ಕೆ ಕೂಗಿ ಹೇಳಿ, ನನ್ನ ಮುಖ ನೋಡಿ, "ಕಾಶ್ಮೀರದೋರು ಅಲ್ವಾ ನೀವು? ಕೂತ್ಕಳ್ರಿ," ಎಂದರು. ಭೂಮಿ ಬಾಯಿಬಿಡಲಿಲ್ಲ. ಕೂತೆ.

ಜೋಗಪ್ಪ ರೇಷ್ಮೆ ನೂಲು ಸುತ್ತುತ್ತಿದ್ದ. ಅರವತ್ತು ಸಮೀಪಿಸಿದೆ, ಕೂದಲು ಇನ್ನೂ ಮಿಲಿಟರಿ ಕಟಿಂಗು. ನಾನು ಲಡಾಖಿಗೆ ಹೋಗುವ ಡ್ರೈವರ್‌ಗಳ ವಿಷಯ, ಹವಾಮಾನದ ವಿಷಯ, ಸೀರೆ ಮಾರ್ಕೆಟ್ಟಿನ ವಿಷಯ ಎಲ್ಲ ಮಾತಾಡಿದೆ. ಅವನು ನೂಲು ಸುತ್ತುತ್ತಲೇ ಇದ್ದ. ಕೊನೆಗೆ ಮಾತು ಖಾಲಿಯಾಗಿ, ನನಗೆ ಏನೂ ಗೊತ್ತಿಲ್ಲ, ನೀವು ಬಂದು ಕಲಿಸಬೇಕು ಎಂದೆ.

ಕೈ ನಿಲ್ಲಿಸಿ ಕೇಳಿದ, "ಎಷ್ಟು ಜನ?"

"ನಾಲ್ಕು ಜನ."

"ಸರ್ಟಿಫಿಕೇಟು?"

ಮೊದಲೇ ಕೊಟ್ಟಾಯಿತು ಎಂದೆ. ಅವನು ಸೂರಮ್ಮನ ಕಡೆ ನೋಡಿದ. ಸೂರಮ್ಮ ಮಗ್ಗದ ಕಡೆ ನೋಡಿದರು. ನಗುತ್ತಿದ್ದರೋ ಏನೋ, ಬಗ್ಗಿದ್ದರಿಂದ ಕಾಣಲಿಲ್ಲ.

"ಭಾನುವಾರ ಬರ್ತೀನಿ," ಎಂದ ಜೋಗಪ್ಪ. "ಜಾರೋ ಜಾಗ ನೋಡಿಡು. ಅಗಲ ಇರ್ಬೇಕು, ಒಸಿ ಇಳಿಜಾರು ಇರ್ಬೇಕು." ಕತೆಯ ವಿಷಯ ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಐವತ್ತಕ್ಕೆ ಹತ್ತಿರವಾದ ನನ್ನಂಥ ಮನುಷ್ಯನನ್ನು ಒಂದು ಬೈಗುಳಕ್ಕೆ ಇಷ್ಟು ಹೊತ್ತು ಕಾಯಿಸುವುದು ಸರಿಯಲ್ಲ.

ನವೆಂಬರ್ 24, ಭಾನುವಾರ

ಜಾಗ ಸಿಕ್ಕಿದೆ. ಊರ ಹೊರಗೆ ಮುಚ್ಚಿದ ಎಣ್ಣೆ ಮಿಲ್ಲೊಂದರ ಅಂಗಳ. ಹಿಂದೆ ಶೇಂಗಾ ಒಣಹಾಕುತ್ತಿದ್ದ ಕಾಂಕ್ರೀಟು ನೆಲ, ಗೇಟಿನ ಕಡೆ ಇಳಿಜಾರು. ಪಕ್ಕದ ಮಿಲ್ಲಿನವರು ಎಣ್ಣೆಯ ಗಸಿ ಎರಡು ಡ್ರಮ್ ಕೊಟ್ಟರು. ಅದಕ್ಕೆ ಸಾಬೂನು ನೀರು ಬೆರೆಸಿ ಸುರಿದೆವು. ಮೂವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಹಿಮ ತಯಾರಾಯಿತು. ನೊಣ ಮಾತ್ರ ವಿಪರೀತ.

ಜೋಗಪ್ಪನವರು ಬಸ್ಸಿಳಿದು ಬಂದು, ಯಾರನ್ನೂ ಲಾರಿ ಹತ್ತಲು ಬಿಡಲಿಲ್ಲ. ಚಪ್ಪಲಿ ಬಿಟ್ಟು ನಡೀರಿ ಎಂದರು. ಆ ಗಸಿಯ ಮೇಲೆ ನಾಲ್ವರೂ ಬಿದ್ದರು. ನನ್ನನ್ನೂ ನಡೆಸಿದರು, ನಾನೂ ಬಿದ್ದೆ. ಮತ್ತೆ ನಡೆಸಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಲ್ಲರೂ ಗಿಡ್ಡ ಗಿಡ್ಡ ಹೆಜ್ಜೆಯಿಟ್ಟು ಬೀಳದೆ ನಡೆಯುತ್ತಿದ್ದೆವು. "ಗಾಡೀನೂ ಹಿಂಗೇ ನಡೀಬೇಕು," ಎಂದರು. "ಬೀಳೋದು ನಡೆಯೋದ್ರಿಂದಲ್ಲ, ತಟ್ಟನೆ ನಿಲ್ಲೋಕೆ ಹೋಗೋದ್ರಿಂದ."

ಆಮೇಲೆ ಲಾರಿ. ಇಳಿಜಾರು ಬರುವ ಮೊದಲೇ ಲೋ ಗೇರಿಗೆ ತರಬೇಕು, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು. ತಿರುವಿಗೆ ಮುಂಚೆ ವೇಗ ಇಳಿಸಿಬಿಡಬೇಕು, ತಿರುವಿನಲ್ಲಿ ಬ್ರೇಕು ಮುಟ್ಟಬಾರದು. ಮುಂದಿನ ಗಾಡಿಗೂ ನಮಗೂ ಇಲ್ಲಿ ಬಿಡುವ ಅಂತರದ ಎಂಟು ಹತ್ತರಷ್ಟು ಬಿಡಬೇಕು. ಬ್ರೇಕು ಒತ್ತಲೇಬೇಕಾದರೆ ಮಲಗಿದ ಮಗುವಿನ ಮೇಲೆ ಕೈಯಿಟ್ಟ ಹಾಗೆ. ಚಕ್ರ ಸಿಕ್ಕಿಕೊಂಡು ಜಾರಿತೋ, ಮನಸ್ಸು ಏನೇ ಹೇಳಲಿ, ಕಾಲು ತೆಗೆಯಬೇಕು. ಚಕ್ರ ಉರುಳಿದರೆ ಮಾತ್ರ ಸ್ಟೀರಿಂಗು ಮಾತು ಕೇಳುತ್ತದೆ. ಹೊಸ ಗಾಡಿಗಳಲ್ಲಿ ಎಬಿಎಸ್ ಇದ್ದರೆ ಬ್ರೇಕು ಒತ್ತಿ ಹಿಡಿಯಬೇಕು, ಅದೇ ಬಿಟ್ಟು ಹಿಡಿದು ಮಾಡುತ್ತದೆ. ಆದರೂ ಗಾಡಿ ನಿಲ್ಲುವ ದೂರ ಅದರಿಂದ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ ಎಂದರು.

ಹಿಮದ ಸದ್ದಿನ ವಿಷಯ ಗಂಗರಾಜು ಅವರನ್ನೂ ಕೇಳಿದ. ಸದ್ದು ಇರೋ ತನಕ ಹೆದರಬೇಡ, ನಿಂತೋದಾಗ ಹೆದರು ಎಂದರು. ಕರಿ ಮಂಜುಗಡ್ಡೆಯ ಮೇಲೆ ಸದ್ದೇ ಇರುವುದಿಲ್ಲವಂತೆ, ರಸ್ತೆ ಒದ್ದೆಯಾದ ಹಾಗಷ್ಟೇ ಕಾಣುತ್ತದಂತೆ. ಗಂಗರಾಜು ಫೋನು ತೆಗೆದು ಏನೋ ಅಳಿಸಿದ. ನನ್ನ ಕಡೆ ನೋಡಲಿಲ್ಲ.

ಮೂವರು ಸುಮಾರಾಗಿ ಕಲಿತರು. ಗಂಗರಾಜು ಮಾತ್ರ ಮೂರು ಸಲವೂ ಏಟಿಗೆ ಬ್ರೇಕು ಒತ್ತಿ, ಲಾರಿಯನ್ನು ಅಡ್ಡಕ್ಕೆ ತಿರುಗಿಸಿ, ಕಾಂಪೌಂಡ್ ಗೋಡೆಗೆ ತಂದು ಗುದ್ದಿದ. ಇಳಿದು ನಗುತ್ತಾನೆ.

"ಒಳ್ಳೆ ಡ್ರೈವರ್ರು, ಅದೇ ತೊಂದ್ರೆ," ಎಂದರು ಜೋಗಪ್ಪನವರು ಹೊರಡುವಾಗ. "ಭಯ ಇಲ್ಲ ಅವನಿಗೆ. ಭಯ ಕಲಿಸೋಕೆ ನಂಗೆ ಬರಲ್ಲ."

ಡಿಸೆಂಬರ್ 1, ಭಾನುವಾರ

ಜೋಗಪ್ಪನವರನ್ನು ಕರೆತರಲು ಕಾರಿನಲ್ಲಿ ಹೋದೆ. ಸೀರೆ ನೋಡಬೇಕೆಂದು ಕಾಂಚನಾ ಕೂಡ ಬಂದಳು. ಚಳ್ಳಕೆರೆ ಬಿಟ್ಟು ಸ್ವಲ್ಪ ಹೊತ್ತಿಗೇ ನಿದ್ದೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಗಾಡಿಯಲ್ಲಿ ಅವಳು ಮಲಗಿದ್ದು ನೋಡಿಲ್ಲ. ಮೈಗೆ ಹುಷಾರಿಲ್ಲವೇ ಎಂದು ಕೇಳಿದೆ. ಇಲ್ಲ, ಸುಮ್ಮನೆ ನಿದ್ದೆ ಬಂತು ಎಂದಳು. ದಾರಿಯುದ್ದಕ್ಕೂ ಮಾತಿಗೆ ಜನವಿಲ್ಲದೆ ಬೇಜಾರಾಯಿತು. ಹಿಂದಿನಿಂದ ಬಂದವರೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಈಗಿನವರಿಗೆ ಎಲ್ಲದಕ್ಕೂ ಅವಸರ.

ಟೀ ಅಂಗಡಿಗೆ ಹೋಗಿ ವಾರವಾಯಿತು. ಹೋದಾಗಲೂ ಬೇರೆಯವರ ಮಾತು ಕೇಳಿ ಎದ್ದುಬಂದಿದ್ದೆ. ಪೆದ್ದಣ್ಣ ಮನೆಯಲ್ಲಿ ಏನಾದರೂ ಜಗಳವಾ ಎಂದು ಕೇಳಿದ.

ಡಿಸೆಂಬರ್ 8, ಭಾನುವಾರ

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಪಾಠ ಮುಗಿದ ಮೇಲೆ ಹುಡುಗರು ಲಾರಿ ತೊಳೆಯುತ್ತಿದ್ದರು. ನಾನೂ ಜೋಗಪ್ಪನವರೂ ಮಿಲ್ಲಿನ ಜಗಲಿಯ ಮೇಲೆ ಕೂತಿದ್ದೆವು. ನಾನೇ ಕೇಳಿದೆ, ನಿಮ್ಮ ಕತೆ ಕದ್ದು ಹೇಳಿದೆ, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು.

ಅವತ್ತು ನಿನ್ನ ಲಾರಿ ಇಳಿದಾಗ ಕತೆ ಅರ್ಧಕ್ಕೆ ನಿಂತಿತ್ತು ಎಂದು ಶುರುಮಾಡಿದರು. ಘಾಟಿ ಇಳಿಯುವಾಗ ತಿರುವಿನಲ್ಲಿ ಹೆದರಿ ಪೂರ್ತಿ ಬ್ರೇಕು ಒತ್ತಿದ್ದಾರೆ. ಹಿಂಭಾಗ ಬೀಸಿಕೊಂಡು ಹೋಗಿ ಒಂದು ಚಕ್ರ ಅಂಚು ದಾಟಿದೆ. ಜೊತೆಗಿದ್ದವನು ನಂದನ್ ಸಿಂಗ್ ಎಂಬ ಕುಮಾವೂನ್ ಬೆಟ್ಟದ ಕಡೆಯ ಹುಡುಗ. ಚಕ್ರಕ್ಕೆ ಅಡ್ಡ ಕಲ್ಲು ಕೊಡುತ್ತೇನೆಂದು ಜಿಗಿದು ಹಿಂದಕ್ಕೆ ಹೋಗಿದ್ದಾನೆ. ಇವರು ಕಾಲು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಕೂತಿದ್ದಾರೆ. ಚಕ್ರಗಳು ಬಿಗಿಹಿಡಿದೇ ಇದ್ದವು, ಲಾರಿ ಹಾಗೆಯೇ ಇನ್ನೊಂದು ಗಜ ಜಾರಿತು. ಲಾರಿ ಬೀಳಲಿಲ್ಲ. ನಂದನ್ ಸಿಂಗ್ ಅದರ ಹಿಂದೆ ಇದ್ದ.

"ಕೆಳಗಿಂದ ಮೇಲೆ ತರೋಕೆ ಎರಡು ದಿನ ಆಯ್ತು," ಎಂದರು.

ನಾನು ಲಾರಿ ತೊಳೆಯುತ್ತಿದ್ದ ಹುಡುಗರ ಕಡೆ ನೋಡಿದೆ.

"ಹೋಟ್ಲಲ್ಲಿ ನೀನು ಹೇಳಿದ್ಯಲ್ಲ, ಕಾಲು ತೆಗ್ದೆ, ಜಿಗೀಬ್ಯಾಡ ಅಂತ ಕೂಗ್ದೆ, ಲೋ ಗೇರಲ್ಲಿ ಮೇಲೆ ಬಂದೆ ಅಂತ. ಸರಿಯಾಗಿತ್ತು ಅದು. ಅಷ್ಟೇ ಮಾಡ್ಬೇಕಾಗಿತ್ತು ನಾನು." ಆಮೇಲೆ ಹೇಳಿದರು, "ನಿನ್ನ ಕತೇಲಿ ಅವನು ಬದುಕ್ತಾನೆ. ಅದಕ್ಕೇ ಕೂತ್ಕಂಡು ಪೂರ್ತಿ ಕೇಳ್ದೆ."

ಅವರನ್ನು ಬಸ್ಸು ಹತ್ತಿಸಿ ಬಂದೆ. ಕಂಪನಿಯ ಪುಸ್ತಕದಲ್ಲಿ ಇವತ್ತಿನ ಪುಟ ಖಾಲಿಯಿದೆ.

ಡಿಸೆಂಬರ್ 10, ಮಂಗಳವಾರ

ನಾಲ್ವರನ್ನೂ ಕೂರಿಸಿಕೊಂಡು ಹೇಳಿಬಿಟ್ಟೆ. ನಾನು ಹಿಮ ನೋಡಿಲ್ಲ. ಮುಟ್ಟಿಲ್ಲ. ಆ ಕತೆ ನನ್ನದಲ್ಲ, ಅದರ ಕೊನೆ ಯಾರದ್ದೂ ಅಲ್ಲ. ನಿಮ್ಮ ಸರ್ಟಿಫಿಕೇಟಿಗೆ ಪಾಠಕ್ಕೆ ಮುಂಚೆಯೇ ಸಹಿ ಹಾಕಿದ್ದೇನೆ. ಜೋಗಪ್ಪನವರು ಮೂರು ಭಾನುವಾರ ಕಲಿಸಿದ್ದಷ್ಟೇ ನಿಮಗೆ ಬರುವುದು, ಅದು ಸಾಲುವುದಿಲ್ಲ. ಹೋಗದೆ ಇದ್ದರೂ ನಡೆಯುತ್ತದೆ, ಓಬಳಪ್ಪನ ಹತ್ತಿರ ನಾನು ಮಾತಾಡುತ್ತೇನೆ.

ಮೂವರು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಗಂಗರಾಜು ನಗಲಿಲ್ಲ.

"ಹಂಗಾರೆ ಆ ಜೊತೆಗಿದ್ದೋನು?"

ಸತ್ತ ಎಂದೆ.

ಅವನು ಎದ್ದು, ಬೈಕು ಹತ್ತಿ ಹೋದ. ಓಬಳಪ್ಪನಿಗೆ ಫೋನು ಮಾಡಿದರೆ, ಟಿಕೆಟ್ ಬುಕ್ಕಾಗಿವೆ, ಈಗ ಏನು ಮಾತಾಡ್ತೀಯಾ ಎಂದ.

ಕಾಂಚನಾಗೆ ಎಲ್ಲ ಹೇಳಿದೆ. ಅವಳಿಗೆ ಜಮ್ಮುವಿನ ವಿಷಯ ಮದುವೆಯಾದ ಮರುವರ್ಷವೇ ಗೊತ್ತಿತ್ತಂತೆ, ಆ ಕ್ಲೀನರ್ ಹೇಳಿದ್ದನಂತೆ. ಅದು ಮೋಡವೇ ಅಂತೆ.

ಡಿಸೆಂಬರ್ 16, ಸೋಮವಾರ

ಹೊರಟರು. ಗಂಗರಾಜು ಕೂಡ. ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಮೂವರು ಕಾಲು ಮುಟ್ಟಿದರು. ಗಂಗರಾಜು ಬ್ಯಾಗು ಮೇಲಿಟ್ಟು ಆ ಬದಿಯ ಕಿಟಕಿಯ ಪಕ್ಕ ಹೋಗಿ ಕೂತ.

ಡಿಸೆಂಬರ್ 29

ಸುದ್ದಿಯಿಲ್ಲ.

ಜನವರಿ 8

ಫೋನಿನಲ್ಲಿ ಬೆಳಿಗ್ಗೆ ಮೊದಲು ನೋಡುವುದು ಅಲ್ಲಿನ ಹವಾಮಾನ. ಮೈನಸ್ ಹದಿನಾಲ್ಕು. ಇಲ್ಲಿ ಸೆಕೆಯೆಂದು ಕಾಂಚನಾ ಫ್ಯಾನು ಹಾಕಿದರೆ ನನಗೆ ಸಿಟ್ಟು ಬರುತ್ತದೆ.

ಜನವರಿ 21, 2025, ಮಂಗಳವಾರ

ಬೆಳಿಗ್ಗೆ ಹನ್ನೊಂದಕ್ಕೆ ಗಂಗರಾಜು ಫೋನು ಮಾಡಿದ. ಅಪರಿಚಿತ ನಂಬರಾದರೂ ಮೊದಲನೇ ರಿಂಗಿಗೇ ಎತ್ತಿದೆ.

ನಿನ್ನೆ ಜಲ್ಲಿ ತುಂಬಿಕೊಂಡು ಇಳಿಯುತ್ತಿದ್ದನಂತೆ. ಮುಂದೆ ಇನ್ನೊಂದು ಲಾರಿ. ಅದರ ಡ್ರೈವರು ಅಲ್ಲಿ ಆರು ವರ್ಷದಿಂದ ಇದ್ದವನು. ನೆರಳಿದ್ದ ಒಂದು ತಿರುವಿನಲ್ಲಿ ರಸ್ತೆ ಒದ್ದೆಯಾದಂತೆ ಕಾಣುತ್ತಿತ್ತು. ಮುಂದಿನ ಲಾರಿಯ ಬ್ರೇಕ್ ಲೈಟು ಹತ್ತಿತು, ಅಡ್ಡ ತಿರುಗಿತು, ಬೆಟ್ಟದ ಬದಿಯ ಬಂಡೆಗೆ ಬಡಿದು ರಸ್ತೆಗೆ ಅಡ್ಡಲಾಗಿ ನಿಂತಿತು. ಆ ಡ್ರೈವರಿಗೆ ಕಾಲು ಮುರಿದಿದೆ. ಗಂಗರಾಜು ಬಹಳ ಹಿಂದೆ ಇದ್ದ, ಆಗಲೇ ಲೋ ಗೇರಿನಲ್ಲಿದ್ದ. ಲಾರಿ ಜಾರಿದರೂ ಬ್ರೇಕು ಒತ್ತಲಿಲ್ಲ. ಬದಿಯ ಹಿಮದ ರಾಶಿಗೆ ಮೆಲ್ಲಗೆ ತಾಗಿಸಿ ನಿಲ್ಲಿಸಿದ. ಎರಡು ಲಾರಿಯ ನಡುವೆ ಇನ್ನೂ ಒಂದು ಬಸ್ಸು ನಿಲ್ಲುವಷ್ಟು ಜಾಗ ಉಳಿದಿತ್ತಂತೆ.

ನಾವು ಕಲಿಸಿದ್ದು ನೆನಪಿತ್ತಲ್ಲಪ್ಪ, ಸಾಕು ಎಂದೆ.

"ಇಲ್ಲ ಸಾರ್," ಎಂದ. "ಏನೂ ನೆನಪಿರಲಿಲ್ಲ."

"ಮತ್ತೆ?"

"ಅವತ್ತು ಹೇಳಿದ್ರಲ್ಲ, ನಿಮಗೇ ಗೊತ್ತಿಲ್ಲ ಅಂತ. ಅವನು ಸತ್ತ ಅಂತ. ಅವತ್ತಿಂದ ಗಾಡಿ ಹತ್ತಿದ್ರೆ ಭಯ ಆಗ್ತೈತೆ ಸಾರ್. ಎಲ್ರೂ ನಗ್ತಾರೆ ಇಲ್ಲಿ, ಎತ್ತಿನ ಗಾಡಿ ಅಂತಾರೆ ನಂಗೆ. ನಡೆದಂಗೆ ಓಡಿಸ್ತೀನಿ."

ಊಟ ಹೇಗಿದೆ ಎಂದು ಕೇಳಿದೆ. ರಾಗಿ ಮುದ್ದೆಯಿಲ್ಲ ಎಂದ.

ಮೂರು ಭಾನುವಾರ ಜೋಗಪ್ಪನವರು ಕಲಿಸಲಾಗದ್ದನ್ನು ನಾನು ಹತ್ತು ನಿಮಿಷದಲ್ಲಿ ಕಲಿಸಿದ್ದೆ, ನನಗೆ ಏನೂ ಬರುವುದಿಲ್ಲ ಎಂದು ಹೇಳಿ.

ಜನವರಿ 30, ಗುರುವಾರ

ಸುದ್ದಿ ಊರೆಲ್ಲ ಹಬ್ಬಿತು, ಹಬ್ಬಿಸಿದವನು ಓಬಳಪ್ಪ. ರಸ್ತೆ ಸುರಕ್ಷತೆ ಕಾರ್ಯಕ್ರಮದಲ್ಲಿ ನನಗೆ ಶಾಲು, ಹಾರ. 'ಕಾಶ್ಮೀರದ ಅನುಭವವನ್ನು ಯುವಕರಿಗೆ ಧಾರೆಯೆರೆದವರು' ಎಂದು ಬ್ಯಾನರು.

ಮೈಕಿನ ಮುಂದೆ ನಿಂತು ನಿಜ ಹೇಳಿದೆ. ನಾನು ಹಿಮ ನೋಡಿಲ್ಲ, ಕಲಿಸಿದವರು ಮೊಳಕಾಲ್ಮೂರಿನ ಜೋಗಪ್ಪನವರು, ನನ್ನ ಕತೆ ಸುಳ್ಳು. ಯಾರೋ ಚಪ್ಪಾಳೆ ಶುರುಮಾಡಿದರು, ಎಲ್ಲರೂ ಸೇರಿದರು. ಇಷ್ಟು ಸಾಧನೆ ಮಾಡಿಯೂ ಎಂಥ ವಿನಯ ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. ಪೆದ್ದಣ್ಣ ಟೀ ಅಂಗಡಿಯಲ್ಲಿ ನನ್ನ ಫೋಟೊ ಹಾಕಿದ್ದಾನೆ.

ಶಾಲು ಕಾಂಚನಾಗೆ ಕೊಟ್ಟೆ. ಈ ಊರಲ್ಲಿ ಇದನ್ನ ಯಾವಾಗ ಹೊದೀಲಿ ಎಂದಳು.

ಫೆಬ್ರವರಿ 23, ಭಾನುವಾರ

ಹೊಸ ತಂಡ, ಆರು ಜನ. ಈ ಸಲ ಪಾಠ ಮುಗಿಯದೆ ಸಹಿ ಇಲ್ಲ ಎಂದು ಓಬಳಪ್ಪನಿಗೆ ಹೇಳಿದ್ದೇನೆ. ಅವನು ಬಹಳ ಬೇಸರ ಮಾಡಿಕೊಂಡಿದ್ದಾನೆ. ಜೊತೆಗೆ ಗೌರಸಮುದ್ರದ ಸ್ವಪ್ನ ಎಂಬ ಹೆಣ್ಣುಮಗಳು ಬಂದಿದ್ದಾಳೆ. ಪಂಚಾಯಿತಿಯ ಕಸದ ಗಾಡಿ ಓಡಿಸುತ್ತಾಳೆ. ಬೆಟ್ಟಕ್ಕೇನೂ ಹೋಗುವವಳಲ್ಲ, ಕಲಿಯಬೇಕು ಅಷ್ಟೇ ಎಂದಳು.

ಜೋಗಪ್ಪನವರು ಎಲ್ಲರನ್ನೂ ಗಸಿಯ ಮೇಲೆ ನಡೆಸಿ, ಬೀಳಿಸಿ, ಆಮೇಲೆ ನೆರಳಿನಲ್ಲಿ ಕೂರಿಸಿದರು. ನಾನು ಹಿಂದೆ ಕೂತಿದ್ದೆ. ಅವರು ತಾವಾಗಿಯೇ ಘಾಟಿಯ ಕತೆ ತೆಗೆದರು. ತಿರುವು, ಬ್ರೇಕು, ಅಂಚು ದಾಟಿದ ಚಕ್ರ. ಅವರು ಒಂದು ಗಳಿಗೆ ನಿಂತು, ಮುಂದುವರಿಸಿದರು: ಕಾಲು ತೆಗೆದೆ, ಜಿಗಿಯಬೇಡ ಎಂದು ಕೂಗಿದೆ, ಅವನು ಕೂತ, ಲೋ ಗೇರಿನಲ್ಲಿ ಮೇಲೆ ಬಂದೆವು.

ನಾನು ಇಪ್ಪತ್ತು ವರ್ಷ ಹೇಳಿದ ಮಾತುಗಳೇ. ಅವರ ಬಾಯಲ್ಲಿ ನನ್ನದಕ್ಕಿಂತ ಚೆನ್ನಾಗಿದ್ದವು. ಕೂತಿದ್ದವರ ಭುಜಗಳು ಸಡಿಲವಾದವು. ಒಬ್ಬ ಆಕಳಿಸಿದ.

ಸ್ವಪ್ನ ಕೇಳಿದಳು, "ಹಂಗಾದ್ರೆ ಕಾಲು ತೆಗೆದ್ರೆ ಸಾಕಲ್ಲ ಸಾರ್, ಏನೂ ಆಗಲ್ಲ ಅಲ್ವಾ?"

ಜೋಗಪ್ಪನವರು ನೆಲ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ಬೇಡ ಎನ್ನುತ್ತಿದ್ದರೋ, ಹೇಳು ಎನ್ನುತ್ತಿದ್ದರೋ, ನನಗೆ ಗೊತ್ತಾಗಲಿಲ್ಲ.

"ಆಗ್ತೈತೆ ಕಣಮ್ಮ," ಎಂದೆ ನಾನು. "ಅವನು ಬದುಕಲಿಲ್ಲ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸುಳ್ಳುಗಾರನನ್ನು ನೋಡುವ ಹಾಗೆ ನೋಡಿದರು. ಜೋಗಪ್ಪನವರು "ಹೂಂ," ಎಂದರು. ಆಮೇಲೆ ಅವನ ಹೆಸರು ಹೇಳಿದರು, ಊರು ಹೇಳಿದರು, ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ ಎಂದರು. ಚಹಾಕ್ಕೆ ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದನಂತೆ. ತನ್ನ ಕಾಲು ಬ್ರೇಕಿನ ಮೇಲೆಯೇ ಇತ್ತು ಎಂದೂ ಹೇಳಿದರು. ಸೂರಮ್ಮನನ್ನು ಬಿಟ್ಟರೆ ಇದನ್ನು ಯಾರಿಗೂ ಹೇಳಿರಲಿಲ್ಲ ಎಂದು ನನಗನಿಸುತ್ತದೆ. ನನಗೆ ಹೇಳಿದ್ದು ಲೆಕ್ಕಕ್ಕಿಲ್ಲ.

ಮಧ್ಯಾಹ್ನ ಎಲ್ಲರೂ ಎಷ್ಟು ನಿಧಾನ ಓಡಿಸಿದರೆಂದರೆ ಆರು ಜನರ ಸರದಿ ಮುಗಿದು ಸ್ವಪ್ನಳ ಸರದಿ ಬರುವಷ್ಟರಲ್ಲಿ ಗಸಿ ಒಣಗಿಹೋಗಿತ್ತು. ನಾಳೆ ಮೊದಲು ಅವಳೇ ಓಡಿಸಲಿ ಎಂದರು ಜೋಗಪ್ಪನವರು. ಬಸ್ಸಿಗೆ ಹೋಗಲಿಲ್ಲ. ನಮ್ಮ ಮನೆಯಲ್ಲಿ ಕಾಂಚನಾ ಹಾಸಿದ ಚಾಪೆಯ ಮೇಲೆ ಮಲಗಿದ್ದಾರೆ. ಬೆಳಿಗ್ಗೆ ಮಿಲ್ಲಿನವರ ಹತ್ತಿರ ಇನ್ನೆರಡು ಡ್ರಮ್ ಕೇಳಬೇಕು.